ಗೋಧಿಗೆ ಭಂಡಾರ ಬಿದ್ದ ವರ್ಷ

೩ ಅಕ್ಟೋಬರ್ ೧೯೫೫, ಶಹಾಪುರ

ಇಂದಿನಿಂದ ಕನ್ನಡದಲ್ಲಿ ದಿನಚರಿ ಬರೆಯಲು ಹಿಡಿದಿದ್ದೇನೆ. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕಚೇರಿಯ ಕಾಗದವೆಲ್ಲ ಇಂದಿಗೂ ಉರ್ದು, ಇಲ್ಲವೆ ಇಂಗ್ಲಿಷು. ಆದರೆ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರುತ್ತದೆಂದು ಎಲ್ಲರ ಬಾಯಲ್ಲೂ ಮಾತಿದೆ. ಸೇರಿದ ಮೇಲೆ ನೆಟ್ಟಗೆ ನಾಲ್ಕು ಸಾಲು ಕನ್ನಡ ಬರೆಯಲು ಬಾರದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೇಸಾಯ ಖಾತೆಯಲ್ಲಿ ಫೀಲ್ಡ್‌ಮನ್ ಆಗಿ ಮೂರು ವರ್ಷವಾಯಿತು, ನನ್ನ ನೌಕರಿ ಇನ್ನೂ ಹಂಗಾಮಿ. ಹೆಂಡತಿ ರೇಣಮ್ಮ ಬಾಣಂತನಕ್ಕೆಂದು ಬೋನಾಳದ ತವರಿಗೆ ಹೋಗಿದ್ದಾಳೆ. ಮನೆ ಬಣಬಣ ಎನ್ನುತ್ತದೆ. ಬರೆಯಲು ಬೇಕಾದಷ್ಟು ಹೊತ್ತಿದೆ.

ಇಂದು ಹೊಸ ಗೋಧಿಯ ಬೀಜ ಬಂತು. ಐದು ಚೀಲ. ಬಾಯಿ ಹೊಲಿದು, ಗಂಟಿನ ಮೇಲೆ ಅರಗಿನ ಮೊಹರು ಒತ್ತಿ ಕಳಿಸಿದ್ದಾರೆ. ಈ ತಳಿಗೆ ಭಂಡಾರ ರೋಗ ಹತ್ತುವುದಿಲ್ಲ ಎಂದು ನಮ್ಮ ಸಾಹೇಬರು ಅರ್ಧ ತಾಸು ಭಾಷಣ ಮಾಡಿದರು. ಗೋಧಿಯ ಎಲೆ, ದಂಟಿನ ಮೇಲೆ ಅರಿಶಿನ ಉದುರಿಸಿದಂತೆ ಕಾಣಿಸಿಕೊಂಡು, ಕಾಳಿನ ಸತ್ವವನ್ನೆಲ್ಲ ಹೀರಿ ಜೊಳ್ಳು ಮಾಡುವ ರೋಗ ಅದು. ಮೈಲಾರಲಿಂಗನ ಗುಡಿಯ ಅರಿಶಿನದ ಭಂಡಾರದಂತೆ ಕೈಗೆ ಹತ್ತುತ್ತದೆಂದೇ ನಮ್ಮ ಮಂದಿ ಅದಕ್ಕೆ ಆ ಹೆಸರಿಟ್ಟಿದ್ದಾರೆ. ಸಾಹೇಬರು ಹೇಳುವ ಪ್ರಕಾರ ಅದು ದೇವರದೂ ಅಲ್ಲ, ದೆವ್ವದ್ದೂ ಅಲ್ಲ. ಒಂದು ಬಗೆಯ ಬೂಷ್ಟು. ದಕ್ಷಿಣದ ಬೆಟ್ಟಗಳಿಂದ ಅದರ ಧೂಳು ಗಾಳಿಯಲ್ಲಿ ನೂರಾರು ಮೈಲಿ ತೇಲಿ ಬರುತ್ತದಂತೆ.

ಗೋಗಿಯ ಐವರು ರೈತರಿಗೆ ಒಂದೊಂದು ಚೀಲ ಕೊಟ್ಟು, ಒಂದೊಂದು ಎಕರೆ ಬಿತ್ತಿಸಿ ಊರಿಗೆಲ್ಲ ತೋರಿಸಬೇಕು. ಕಚೇರಿಯ ಕೋಣೆ ಸೋರುತ್ತದೆಂದು ಚೀಲಗಳನ್ನು ನನ್ನ ಮನೆಯಲ್ಲಿ ಇಡಿಸಿದರು. "ರಂಗಣ್ಣ, ಇದು ನಿನ್ನ ಜಿಮ್ಮೇದಾರಿ ನೋಡು. ಇದೊಂದು ಸರಿಹೋದ್ರ ನಿನ್ನ ಕಾಯಂ ಕಾಗದಕ್ಕ ನಾನೇ ಶಿಫಾರಸ್ ಬರೀತೀನಿ," ಎಂದರು.

೧೦ ಅಕ್ಟೋಬರ್

ಒಂದು ಚೀಲ ನೆನೆದುಹೋಗಿದೆ.

ಶನಿವಾರ ಗೆಳೆಯರ ಜೊತೆ ಯಾದಗಿರಿಗೆ ಹೋಗಿದ್ದೆ. ಅಲ್ಲಿ ಟೂರಿಂಗ್ ಟಾಕೀಸ್ ಬಂದಿದೆ. ಮಳೆಯ ಲಕ್ಷಣವೇನೂ ಇರಲಿಲ್ಲ. ರಾತ್ರಿಯಿಂದ ಹಿಡಿದ ಮಳೆ ಭಾನುವಾರ ಪೂರ್ತಿ ಬಿಡಲಿಲ್ಲ, ಬಸ್ಸೂ ಬರಲಿಲ್ಲ. ಇಂದು ಬಂದು ಬಾಗಿಲು ತೆಗೆದರೆ ಮಾಳಿಗೆಯ ಮೂಲೆ ಸೋರಿ ಗೋಡೆಯ ಪಕ್ಕದ ಚೀಲ ಒಳಗೂ ಹೊರಗೂ ನೀರು. ಮೇಲೆ ಕೈ ಇಟ್ಟರೆ ಬಿಸಿ. ಕಾಳು ಬಾಯಿ ಬಿಟ್ಟು ಗೋಣಿಯ ಸಂದಿನಿಂದ ಬಿಳಿ ಮೊಳಕೆ ಚಾಚಿತ್ತು.

ಕಚೇರಿಯ ಪುಸ್ತಕದಲ್ಲಿ ಆ ಎರಡು ದಿನ ಸುರಪುರದ ಕಡೆ ದೌರೆ, ಕೆಲಸದ ತಿರುಗಾಟ, ಎಂದು ಬರೆದಾಗಿದೆ.

೧೧ ಅಕ್ಟೋಬರ್

ಚೀಲ ಸರಿಯಾಯಿತು. ಪೇಟೆಯ ಕಿರಾಣಿ ಅಂಗಡಿಯಲ್ಲಿ ಅದೇ ಬಣ್ಣದ, ಅದೇ ಗಾತ್ರದ ಗೋಧಿ ಸಿಕ್ಕಿತು. ನೆನೆದದ್ದನ್ನು ಹಿತ್ತಲ ತಿಪ್ಪೆಗೆ ಸುರಿದೆ. ಚೀಲ ಒಣಗಿಸಿ, ತುಂಬಿ, ಬಾಯಿ ಹೊಲಿದೆ. ಅರಗನ್ನು ದೀಪದ ಮೇಲೆ ಮೆಲ್ಲಗೆ ಕಾಯಿಸಿ ಬಿಡಿಸಿದ್ದರಿಂದ ಮೊಹರು ಮುರಿಯಲಿಲ್ಲ. ಹಾಗೆಯೇ ಮತ್ತೆ ಕೂತಿತು.

ಗೋಧಿ ಗೋಧಿಯೇ. ಭಂಡಾರ ಪ್ರತಿ ವರ್ಷ ಬರುತ್ತದೆ ಎಂದೇನೂ ಇಲ್ಲ.

೧೪ ಅಕ್ಟೋಬರ್

ಗೋಗಿಯ ಚಾವಡಿಯಲ್ಲಿ ಬೀಜ ಹಂಚಿದೆವು. ಊರಿನ ಮುಖ್ಯಸ್ಥರಾದ ಪೊಲೀಸ್ ಪಾಟೀಲರು ಹಾಜರಿದ್ದರು. ಮೊದಲ ಚೀಲ ಬಾಲಪ್ಪನಿಗೆ. ಊರಲ್ಲಿ ಅವನ ಮಾತಿಗೆ ತೂಕವಿದೆ. ಉಳಿದವರೂ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿ ಒಯ್ದರು. ಕೊನೆಗೆ ಉಳಿದ ಚೀಲ ಲಾಡ್ಲೇಸಾಬನ ಪಾಲಿಗೆ ಬಂತು.

ಲಾಡ್ಲೇಸಾಬನಿಗೆ ಅರವತ್ತರ ಹತ್ತಿರ. ಅವನ ಹೊಲಕ್ಕೂ ಬಾಲಪ್ಪನ ಹೊಲಕ್ಕೂ ನಡುವೆ ಒಂದೇ ಬದು. ಚೀಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಸರಕಾರ ನಮ್ಮ ಹೆಸರೂ ನೆನಪಿಟ್ಟದ ನೋಡ್ರಿ ಸಾಹೇಬ್ರ," ಎಂದ. ಅವನ ಹೆಂಡತಿ ಚಾಂದಬೀ ಅಲ್ಲೇ ಮೂಲೆಯ ಹೊಲಿಗೆ ಸಡಿಲಿಸಿ ಒಂದು ಹಿಡಿ ಕಾಳು ತೆಗೆದಳು. ಮೂಗಿಗೆ ಹಿಡಿದಳು. ನನ್ನ ಮುಖ ನೋಡಿದಳು. ಕಾಳನ್ನು ಮತ್ತೆ ಚೀಲಕ್ಕೆ ಸುರಿದಳು.

ಮುಸ್ಸಂಜೆಗೆ ಶಹಾಪುರ ಸೇರಿದೆ. ಸುಸ್ತು.

೨೭ ಅಕ್ಟೋಬರ್

ಬೋನಾಳದಿಂದ ಸುದ್ದಿ ಬಂತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸುಖ.

೪ ಡಿಸೆಂಬರ್

ಭಾನುವಾರವಾದರೂ ಗೋಗಿಗೆ ಹೋದೆ. ಐದೂ ಎಕರೆ ಚೆನ್ನಾಗಿವೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಚೆಂದ ಲಾಡ್ಲೇಸಾಬನದು. ಒಂದು ಕಳೆ ಇಲ್ಲ. ಸಾಲು ಹಿಡಿದರೆ ನೂಲು ಹಿಡಿದಂತೆ. ನೋಡಿ ಮನಸ್ಸು ಹಗುರಾಯಿತು. ಸುಮ್ಮನೆ ಅಂಜಿದ್ದೆ.

ಬದುವಿನ ಮೇಲೆ ಕೂತು ಬಾಲಪ್ಪ ಹಳೆಯ ಮಾತು ತೆಗೆದ. ಏಳು ವರ್ಷದ ಹಿಂದೆ, ನಿಜಾಮನ ಆಡಳಿತ ಮುಗಿದ ಗದ್ದಲದಲ್ಲಿ, ಯಾರೋ ಹೇಳಿದ ಸುಳ್ಳು ಮಾತಿಗೆ ಲಾಡ್ಲೇಸಾಬನನ್ನು ಹಿಡಿದು ಒಯ್ದಿದ್ದರಂತೆ. ಏಳು ತಿಂಗಳು ಒಳಗಿದ್ದ. ಏನೂ ಸಿಗಲಿಲ್ಲವೆಂದು ಬಿಡುವಾಗಲೂ ಜಾಮೀನು ಕೇಳಿದರು. ಊರಲ್ಲಿ ಯಾರೂ ಮುಂದೆ ಬರಲಿಲ್ಲ.

"ನಾ ಹೋದೆ," ಎಂದ ಬಾಲಪ್ಪ. "ಈ ಮನಷ್ಯಾ ಖೊಟ್ಟಿ ಆದ್ರ ನನ್ನ ಒಳಗ ಹಾಕ್ರಿ ಅಂತ ಬರದು ಕೊಟ್ಟೀನಿ. ಇವನ ಸಲುವಾಗಿ ನಾ ಒಂದಿನ ತಲಿ ತಗ್ಗಿಸಿಲ್ರಿ."

ಲಾಡ್ಲೇಸಾಬ ಕೇಳಿಯೂ ಕೇಳದವನಂತೆ ಮಣ್ಣಿನ ಹೆಂಟೆ ಪುಡಿ ಮಾಡುತ್ತ ಕೂತಿದ್ದ. ನನಗೆ ಅಲ್ಲಿ ಹೆಚ್ಚು ಹೊತ್ತು ಕೂಡಲಾಗಲಿಲ್ಲ. ಬಿಸಿಲು ಬಹಳವಿತ್ತು.

೮ ಜನವರಿ ೧೯೫೬

ಲಾಡ್ಲೇಸಾಬನ ಹೊಲದ ನಡುವೆ, ಎಲೆಯ ಅಡಿಯಲ್ಲಿ, ಒಂದು ಚುಕ್ಕೆ. ಸಾಸಿವೆ ಕಾಳಿನ ಅರ್ಧ ಇದ್ದೀತು. ಬೆರಳಿಂದ ಒರೆಸಿದೆ. ಬೆರಳು ಕೆಂಪು ಅರಿಶಿನವಾಯಿತು. ಮಗ್ಗುಲ ಗಿಡದಲ್ಲಿ ನೋಡಿದೆ. ಮೂರು. ಅದರಾಚೆ ಏಳೋ ಎಂಟೋ.

"ಏನ್ ನೋಡಾಕತ್ತೀರಿ ಸಾಹೇಬ್ರ?" ಎಂದು ಲಾಡ್ಲೇಸಾಬ ಬದುವಿನಿಂದ ಕೂಗಿದ.

"ಏನಿಲ್ಲ. ಬೆಳಿ ಛಲೋ ಅದ," ಎಂದೆ. ಬೆರಳನ್ನು ಪೈಜಾಮಕ್ಕೆ ಒರೆಸಿಕೊಂಡೆ.

ಕಚೇರಿಯಲ್ಲಿ ಗಂಧಕದ ಪುಡಿಯ ಎರಡು ಡಬ್ಬಿ ಇವೆ. ರೋಗ ಮೊದಲಾಗುತ್ತಲೇ ಉದುರಿಸಿದರೆ ಒಂದಿಷ್ಟು ಕಾಳಾದರೂ ಉಳಿಯುತ್ತದೆ ಎನ್ನುತ್ತಾರೆ. ಆದರೆ ರೋಗ ಹತ್ತದ ತಳಿಗೆ ಗಂಧಕ ಯಾಕೆ ಎಂದು ಸಾಹೇಬರು ಕೇಳಿದರೆ?

ನಾಳೆ ಮೋಡ ಸರಿದು ಒಣ ಗಾಳಿ ಬೀಸಿದರೆ ಅಲ್ಲಿಗೇ ನಿಲ್ಲಲೂಬಹುದು.

೧೫ ಜನವರಿ

ನಿಲ್ಲಲಿಲ್ಲ. ವಾರವೆಲ್ಲ ಮೋಡ, ಬೆಳಗಿನ ಹೊತ್ತು ಮಂಜು. ಗೋಗಿಯಲ್ಲಷ್ಟೇ ಅಲ್ಲ, ಶಿರವಾಳದ ದಾರಿಯುದ್ದಕ್ಕೂ ಗೋಧಿ ಹೊಲ ತುಕ್ಕು ಹಿಡಿದ ತಗಡಿನಂತೆ ಕಾಣುತ್ತಿದೆ. ಹೊಲದಲ್ಲಿ ಹಾದು ಬಂದವರ ಧೋತರ ಮೊಣಕಾಲವರೆಗೆ ಕೆಂಪು. ಒಬ್ಬ ಮುದುಕಿ ಆ ಪುಡಿಯನ್ನೇ ಹಣೆಗೆ ಹಚ್ಚಿಕೊಂಡು ಮೈಲಾರಲಿಂಗನಿಗೆ ಕೈ ಮುಗಿಯುತ್ತಿದ್ದಳು.

ಇದರ ನಡುವೆ ಹೊಸ ಬೀಜದ ನಾಲ್ಕು ಎಕರೆ ಹಸಿರಾಗಿ ನಿಂತಿವೆ. ಊರಿನ ಮಂದಿ ಬಾಲಪ್ಪನ ಹೊಲ ನೋಡಲು ಸಾಲುಗಟ್ಟಿ ಬರುತ್ತಿದ್ದಾರೆ. ನೋಡಿ, ಬದು ದಾಟಿ, ಲಾಡ್ಲೇಸಾಬನ ಹೊಲ ನೋಡುತ್ತಾರೆ. ಅದು ಬುಡದಿಂದ ತೆನೆಯವರೆಗೆ ಕೆಂಪಾಗಿದೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಗಾಳಿ ಎಲ್ಲಿಂದಲೋ ತಂದ ರೋಗ. ಗಾಳಿಗೆ ಯಾರು ಹೊಣೆ?

೨೩ ಜನವರಿ

ಸಾಹೇಬರು ಗೋಗಿಗೆ ಬಂದರು. ಬಾಲಪ್ಪನ ಹೊಲದಲ್ಲಿ ಫೋಟೊ ತೆಗೆಸಿಕೊಂಡರು. ಆಮೇಲೆ ಬದು ದಾಟಿದರು. ಒಂದು ದಂಟು ಕಿತ್ತು, ತೆನೆ ತಿಕ್ಕಿ, ಅಂಗೈ ಮೇಲೆ ಊದಿದರು. ಉಳಿದದ್ದು ಸೊರಗಿದ ನಾಲ್ಕು ಕಾಳು.

"ಇದು ನಮ್ಮ ತಳಿ ಅಲ್ಲ," ಎಂದು ಲಾಡ್ಲೇಸಾಬರಿಗೆ ಹೇಳಿದರು. "ಸರಕಾರಿ ಬೀಜ ಎಲ್ಲಿ ಮಾರ್ದಿ?"

"ಮಾರಿಲ್ರಿ ಸಾಹೇಬ್ರ. ನೀವು ಕೊಟ್ಟಿದ್ದೇ ಬಿತ್ತೀನಿ."

"ಅದೇ ಬೀಜಕ್ಕ ಅಲ್ಲಿ ಒಂದು ಚುಕ್ಕಿ ಇಲ್ಲ, ಇಲ್ಲಿ ಹೊಲಾನೇ ಕೆಂಪಾಗ್ಯದ. ಬದು ದಾಟಿದ ಕೂಡ್ಲೆ ಬೀಜದ ಜಾತಿ ಬದಲಾಗ್ತದೇನು?" ಸಾಹೇಬರು ನನ್ನ ಕಡೆ ತಿರುಗಿದರು. "ರಂಗಣ್ಣ, ಚೀಲ ಮೊಹರು ಸಮೇತ ಕೊಟ್ಟಿದ್ದಿ ಹೌದಿಲ್ಲೋ?"

"ಹೌದ್ರಿ."

"ಮೊಹರು ನೆಟ್ಟಗಿತ್ತೋ?"

"ಇತ್ತ್ರಿ."

ಲಾಡ್ಲೇಸಾಬರು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಮುಂದೆ ಏನಾದರೂ ಹೇಳುತ್ತಾನೇನೋ ಎಂದು ಕಾಯುವವರ ಹಾಗೆ. ನಾನು ಸಾಹೇಬರ ಕೈಯಲ್ಲಿದ್ದ ದಂಟನ್ನು ನೋಡುತ್ತ ನಿಂತೆ.

ಚಾವಡಿಯಲ್ಲಿ ಎಲ್ಲರೆದುರು ಪಂಚನಾಮೆ ಆಯಿತು. ಸಾಹೇಬರು ಗಟ್ಟಿಯಾಗಿ ಓದಿಸಿದರು: ಸರಕಾರಿ ಬೀಜ ಬದಲಿಸಿ ಮೋಸ ಮಾಡಿದ್ದಾನೆ, ಠಾಣೆಗೆ ಬರೆಯತಕ್ಕದ್ದು. ಬಾಲಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಓದು ಮುಗಿಯುವ ಮೊದಲೇ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಲಾಡ್ಲೇಸಾಬರು, "ಬಾಲಣ್ಣ," ಎಂದರು. ಅವನು ತಿರುಗಲಿಲ್ಲ.

೨೪ ಜನವರಿ

ನಾನು ಹೇಳಿದ್ದು ಸುಳ್ಳಲ್ಲ. ಚೀಲಕ್ಕೆ ಮೊಹರು ಇತ್ತು.

೨ ಫೆಬ್ರವರಿ

ರೇಣಮ್ಮ ಮಗುವಿನ ಜೊತೆ ಬಂದಳು. ಬೋನಾಳದಿಂದ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಬಿಟ್ಟುಹೋದ. ಮಗು ನನ್ನ ಹೆಬ್ಬೆರಳು ಹಿಡಿದರೆ ಬಿಡುವುದಿಲ್ಲ. ಮನೆಯಲ್ಲಿ ಒಲೆ ಹೊತ್ತಿದೆ, ಮಾತಿದೆ. ಎಷ್ಟೋ ದಿನಕ್ಕೆ ಹೊಟ್ಟೆ ತುಂಬ ಉಂಡೆ.

ಬೂದಿ ಚೆಲ್ಲಲು ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು. "ಏನ್ರಿ, ತಿಪ್ಪ್ಯಾಗ ಗೋಧಿ ಬೆಳಸೀರಲ್ಲ! ಯಾವಾಗ ಬಿತ್ತಿದ್ರಿ?"

ನಾಲ್ಕು ತಿಂಗಳಲ್ಲಿ ನಾನು ಹಿತ್ತಲ ಆ ಮೂಲೆಗೆ ಕಾಲಿಟ್ಟಿರಲಿಲ್ಲ. ಹೋಗಿ ನೋಡಿದೆ. ತಿಪ್ಪೆಯ ಅಂಚಿಗೆ ಎದೆಯೆತ್ತರ ಗೋಧಿ, ಹಿಡಿಯುದ್ದದ ತೆನೆ. ರೇಣಮ್ಮ ರೈತರ ಮನೆಯ ಮಗಳು. ಒಂದು ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ತುದಿವರೆಗೆ ಎಳೆದು ನೋಡಿದಳು. ಬೆರಳು ಸ್ವಚ್ಛ.

"ಬೋನಾಳದಾಗ ನಮ್ಮಣ್ಣನ ಹೊಲ ಪೂರಾ ಹೋಗ್ಯದ. ಬರೋ ದಾರ್‍ಯಾಗ ಎಲ್ಲೂ ಹಸರ ಗೋಧಿ ಕಾಣಲಿಲ್ಲ. ಈ ತಿಪ್ಪ್ಯಾಗಿನ ಗೋಧಿಗೆ ಯಾಕ ಭಂಡಾರ ಬಿದ್ದಿಲ್ರಿ?"

"ನನಗೇನ್ ಗೊತ್ತು," ಎಂದೆ.

ಅವಳು ಬುಟ್ಟಿ ಹಿಡಿದು ಅಲ್ಲಿಯೇ ಬಹಳ ಹೊತ್ತು ನಿಂತಿದ್ದಳು.

೬ ಫೆಬ್ರವರಿ

ಎರಡು ಸುದ್ದಿ. ನನ್ನ ಕಾಯಂ ಶಿಫಾರಸಿಗೆ ಸಾಹೇಬರು ಸಹಿ ಹಾಕಿದರು. ಗೋಗಿಯ ನಾಲ್ಕು ಹೊಲದ ವರದಿಗೆ ಮೇಲಿನವರು ಬಹಳ ಖುಷಿಯಾಗಿದ್ದಾರಂತೆ.

ಇನ್ನೊಂದು, ಲಾಡ್ಲೇಸಾಬರನ್ನು ಠಾಣೆಗೆ ಕರೆಸಿದ್ದಾರೆ. ವಿಚಾರಣೆ ಮುಗಿಯುವವರೆಗೆ ದಿನವೂ ಬಂದು ಹಾಜರಿ ಕೊಡಬೇಕು. ಕಚೇರಿಗೆ ಹೋಗುವ ದಾರಿಯಲ್ಲಿ ಠಾಣೆಯ ಬೇವಿನ ಮರದ ಕೆಳಗೆ ಕೂತಿದ್ದರು. ಒಗೆದ ಅಂಗಿ, ತಲೆಗೆ ಬಿಳಿ ರುಮಾಲು, ಮದುವೆಗೆ ಬಂದವರ ಹಾಗೆ. ಜೊತೆಯಲ್ಲಿ ಒಂದು ಗಂಟು. ನನ್ನನ್ನು ಕಂಡು ಎದ್ದು ನಿಂತು ಸಲಾಂ ಮಾಡಿದರು.

"ಗಂಟಿನ್ಯಾಗ ಏನದರಿ?" ಎಂದು ಕೇಳಿದೆ. ಬೇರೆ ಮಾತು ಹೊಳೆಯಲಿಲ್ಲ.

"ಕಂಬಳಿರಿ. ಎರಡು ಅಂಗಿ. ಹಿಂದಿನ ಸಲ ಏನೂ ಇಲ್ಲದ ಹೋಗಿದ್ದೆ. ಥಂಡಿ ಭಾಳ ಹತ್ತಿತ್ತು."

ಎದ್ದು ನಿಂತು ಸಲಾಂ ಮಾಡಿದರು. ನನಗೆ.

೭ ಫೆಬ್ರವರಿ

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಕನ್ನಡ ಸುಧಾರಿಸಿದೆ. ಆದರೆ ಬರೆದದ್ದರಲ್ಲಿ ಅರ್ಧ ಸುಳ್ಳು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾರಿಗಾಗಿ ಬರೆದೆನೋ ತಿಳಿಯದು.

ಮೋಡ ಕಟ್ಟಿದ್ದನ್ನು ನೋಡಿಯೇ ಯಾದಗಿರಿಯ ಬಸ್ಸು ಹತ್ತಿದ್ದೆ. ಮಾಳಿಗೆ ಸೋರುತ್ತದೆಂದೂ ಗೊತ್ತಿತ್ತು. ಚೀಲಗಳನ್ನು ನಡುಮನೆಗೆ ಎಳೆದಿಟ್ಟು ಹೋಗಲು ಅರ್ಧ ಗಳಿಗೆ ಸಾಕಿತ್ತು. ಅಂಗಿಗೆ ಧೂಳಾಗುತ್ತದೆಂದು ಬಿಟ್ಟೆ.

ಲಾಡ್ಲೇಸಾಬರ ಪಾಲಿಗೆ ಬಂದದ್ದು ಕೊನೆಗೆ ಉಳಿದ ಚೀಲವಲ್ಲ. ಪಟ್ಟಿಯಲ್ಲಿ ಅವರ ಹೆಸರು ಮೂರನೆಯದು. ಅವರ ಹೆಸರು ಬಂದಾಗ, "ಸ್ವಲ್ಪ ತಡೀರಿ," ಎಂದು ಬೇರೆಯವರನ್ನು ಮುಂದೆ ಕರೆದೆ. ಆ ಚೀಲಕ್ಕೆ ಮೊದಲೇ ಮೂಲೆಯಲ್ಲಿ ಮಸಿಯ ಗುರುತು ಹಾಕಿದ್ದೆ. ಬಾಲಪ್ಪನಿಗೆ ಕೊಟ್ಟರೆ ಸಾಹೇಬರ ಮೇಜು ಗುದ್ದಿ ಕೇಳುತ್ತಾನೆ. ಉಳಿದ ಮೂವರಿಗೂ ಅಣ್ಣತಮ್ಮಂದಿರಿದ್ದಾರೆ, ಕೇಳುವವರಿದ್ದಾರೆ. ಲಾಡ್ಲೇಸಾಬರು ಕೇಳುವುದಿಲ್ಲ. ಈ ಏಳು ವರ್ಷದಲ್ಲಿ ಅವರ ಮಂದಿ ಸರಕಾರದವರೆದುರು ದನಿ ಎತ್ತುವುದನ್ನೇ ಬಿಟ್ಟಿದ್ದಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆರಿಸಿದೆ.

ಬರೆದಾಯಿತು.

ರೇಣಮ್ಮ ಮಗುವಿಗೆ ಹಾಲು ಕುಡಿಸುತ್ತ ಆಚೆ ಕೂತಿದ್ದಾಳೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಅತ್ತಾಳು, ಇಲ್ಲವೆ ಬೈದಾಳು ಎಂದುಕೊಂಡಿದ್ದೆ. "ಬಂದ ದಿನಾನೇ ನನಗ ತಿಳೀತು," ಎಂದಳು. "ನೀವಾಗೇ ಹೇಳ್ತೀರಿ ಅಂತ ಐದು ದಿನ ಕಾದೆ. ಇನ್ನೂ ಎರಡು ದಿನ ಕಾದು ಬೋನಾಳಕ್ಕ ಹೊರಡಾಕಿ ಇದ್ದೆ."

೯ ಫೆಬ್ರವರಿ

ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ನಿನಗ ತಲಿ ಕೆಟ್ಟದೇನು? ವರದಿ ಮ್ಯಾಲ ಹೋಗ್ಯದ. ನಿನ್ನ ಕಾಯಂ ಕಾಗದ ಹೋಗ್ಯದ. ಈಗ ಇದನ್ನ ಕಳಿಸಿದ್ರ ಮೊದಲ ನೀ, ಆಮ್ಯಾಲ ನಾ. ಬೀಜ ನಿನ್ನ ಮನ್ಯಾಗ ಇಡು ಅಂದಾಂವ ನಾನೇ ಅಲ್ಲ?"

"ಅವರು ದಿನಾ ಠಾಣೆ ಮುಂದ ಕೂಡ್ತಾರ್ರಿ."

"ಕೂಡ್ಲಿ. ನಾಲ್ಕು ದಿನ ಕೂಡ್ತಾನ, ಬಿಡ್ತಾರ. ಮುದುಕನ್ನ ಗಲ್ಲಿಗೆ ಹಾಕ್ತಾರೇನು?" ಹಾಳೆಯನ್ನು ನನ್ನ ಕಡೆ ನೂಕಿದರು. "ಹೊರಗ ಹೋಗಿ ಹರದು ಹಾಕು. ನಾ ಓದಿಲ್ಲ ಇದನ್ನ."

ಹೊರಗೆ ಬಂದೆ. ಹರಿಯಲಿಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡೆ. ಆದರೆ ನಿಜ ಹೇಳುತ್ತೇನೆ, ಸಾಹೇಬರು ಹಾಗೆ ಅಂದಾಗ ಒಂದು ಕ್ಷಣ ಜೀವಕ್ಕೆ ತಂಪಾಯಿತು. ಹೇಳಿದ ಹಾಗೂ ಆಯಿತು, ನೌಕರಿ ಉಳಿದ ಹಾಗೂ ಆಯಿತು ಎನಿಸಿತು. ಠಾಣೆಯ ಬೇವಿನ ಮರ ಬರುವವರೆಗೆ ಆ ತಂಪು ಇತ್ತು.

೧೨ ಫೆಬ್ರವರಿ, ಭಾನುವಾರ

ರೇಣಮ್ಮ ತಿಪ್ಪೆಯ ಗೋಧಿಯನ್ನು ಬೇರು ಸಹಿತ ಕಿತ್ತು ಒಂದು ಕಟ್ಟು ಮಾಡಿ ಕೊಟ್ಟಳು. ತೆನೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಳಗಿನ ಬಸ್ಸಿಗೆ ಗೋಗಿಗೆ ಹೋದೆ.

ಚಾಂದಬೀ ಅಂಗಳದಲ್ಲಿ ಜೋಳ ಕೇರುತ್ತಿದ್ದರು. ಭಾನುವಾರ ಹಾಜರಿ ಇಲ್ಲದ್ದರಿಂದ ಲಾಡ್ಲೇಸಾಬರು ಮನೆಯಲ್ಲೇ ಕುರಿಗೆ ಸೊಪ್ಪು ಕಟ್ಟುತ್ತಿದ್ದರು. ನನಗೆ ಹೊರಸು ಹಾಕಲು ಬಂದರು. ಕೂಡಲಿಲ್ಲ.

"ಚೀಲ ಬದಲಿ ಮಾಡ್ದಾಂವ ನಾನು," ಎಂದೆ. "ನಿಮ್ಮದೇನೂ ತಪ್ಪಿಲ್ಲ. ಸರಕಾರಿ ಬೀಜ ನನ್ನ ಮನ್ಯಾಗ ನೆಂದು ಕೆಟ್ಟಿತ್ತು. ನಾ ನಿಮಗ ಕೊಟ್ಟಿದ್ದು ಅಂಗಡಿ ಗೋಧಿ."

ಚಾಂದಬೀ ಮೊರ ಕೆಳಗಿಡಲಿಲ್ಲ. "ನಮಗ ಗೊತ್ತದ," ಎಂದರು.

ಕೇರುತ್ತಲೇ ಮಾತು ಮುಂದುವರಿಸಿದರು.

"ಚಾವಡ್ಯಾಗ ಕೈಗೆ ತಗೊಂಡಾಗೇ ಗೊತ್ತಾತು. ಹುಳ ಹತ್ತಬಾರದಂತ ಬೀಜದ ಗೋಧಿಗೆ ಬೂದಿ ಹಚ್ಚಿರ್ತಾರ, ಅದರ ವಾಸನಿ ಇರ್ತದ. ಇದಕ್ಕ ಕಿರಾಣಿ ಅಂಗಡಿ ಮೆಣಸಿನಕಾಯಿ ವಾಸನಿ ಇತ್ತು. ಮನಿಗೆ ಬಂದು ಇವರಿಗೆ ಹೇಳ್ದೆ. ಬಾಯಿ ಮುಚ್ಚಕೊಂಡು ಬಿತ್ತು ಅಂದ್ರು."

ಲಾಡ್ಲೇಸಾಬರು ಸೊಪ್ಪಿನ ಎಲೆ ಹರಿಯುತ್ತ ಮೆಲ್ಲಗೆ ಹೇಳಿದರು. "ಮ್ಯಾಲ ಸರಕಾರದ ಮೊಹರು ಇತ್ರಿ. ಮೊಹರು ಸುಳ್ಳು ಅಂತ ಹೇಳಾಂವ ನಾ ಯಾರು? ಹೇಳಿದ್ರ ಮೊದಲ ಯಾರನ್ನ ಹಿಡೀತಿದ್ರು? ಬಿತ್ತಿದೆ. ಹುಟ್ಟಿತು. ದೇವರು ಪಾರು ಮಾಡ್ತಾನ ಅಂದುಕೊಂಡೆ."

ನಾನು ಕೈ ಮುಗಿದೆ. ಚಾಂದಬೀಯವರ ದನಿ ಆಗ ಏರಿತು. "ಕೈ ಮುಗೀಬ್ಯಾಡ್ರಿ. ನಮ್ಮ ಅಂಗಳದಾಗ ನಿಂತು ಹೇಳಿದ್ರ ಏನ್ ಬಂತು? ನಮಗ ಗೊತ್ತಿದ್ದಿದ್ದೇ ನಮಗ ಹೇಳಾಕ ಬಂದೀರೇನು? ಕಳ್ಳ ಅಂತ ಓದಿಸಿದ್ದು ಚಾವಡ್ಯಾಗ. ಅಲ್ಲಿ ಹೇಳ್ರಿ."

ಹೋದೆವು. ಅವರು ಮುಂದೆ, ನಾನು ಹಿಂದೆ, ಲಾಡ್ಲೇಸಾಬರು ನನ್ನ ಹಿಂದೆ. ದಾರಿಯಲ್ಲಿ ಬಾಲಪ್ಪನ ಮನೆ. ಚಾಂದಬೀ ಬಾಗಿಲಿಗೆ ನಿಂತು, "ಬಾಲಣ್ಣಾ, ಹೊರಗ ಬಾ," ಎಂದು ಒಂದೇ ಸಲ ಕರೆದರು. ಅವನು ಬಂದ.

ಚಾವಡಿಯಲ್ಲಿ ಹತ್ತು ಹದಿನೈದು ಮಂದಿ ಇದ್ದರು. ಪಾಟೀಲರಿಗೆ ಹೇಳಿ ಕಳಿಸಿ ಕರೆಸಿದರು. ನಾನು ಗೋಧಿಯ ಕಟ್ಟನ್ನು ಕಟ್ಟೆಯ ಮೇಲಿಟ್ಟು, ಜೇಬಿನ ಹಾಳೆಯನ್ನು ಓದಿದೆ. ಯಾದಗಿರಿಯ ಟಾಕೀಸ್, ಮಳೆ, ಮೊಳಕೆ, ಅಂಗಡಿಯ ಗೋಧಿ, ದೀಪದ ಮೇಲೆ ಕಾಯಿಸಿದ ಅರಗು, ಜನವರಿ ಎಂಟರಂದು ನಾನು ನೋಡಿ ಒರೆಸಿ ಮುಚ್ಚಿಟ್ಟ ಚುಕ್ಕೆ. ಯಾರೋ ಕಟ್ಟನ್ನು ಬಿಚ್ಚಿ ಎಲೆಗಳನ್ನು ತಿಕ್ಕಿ ನೋಡಿದರು. ಬಾಲಪ್ಪನ ಹೊಲದ ತೆನೆ ತರಿಸಿ ಪಕ್ಕಕ್ಕಿಟ್ಟರು. ಎರಡೂ ಒಂದೇ.

"ಅಲ್ರಿ," ಎಂದರು ಪಾಟೀಲರು, "ಐದು ಮಂದಿ ಇದ್ರು. ಆ ಚೀಲ ಇವಗೇ ಯಾಕ ಕೊಟ್ರಿ?"

ಹಾಳೆಯಲ್ಲಿ ಅದನ್ನು ಬರೆದಿರಲಿಲ್ಲ. ಈ ಪುಸ್ತಕದಲ್ಲಿ ಮಾತ್ರ ಬರೆದಿದ್ದೆ.

"ಇವರು ಕೇಳಂಗಿಲ್ಲ ಅಂತ ಗೊತ್ತಿತ್ತು," ಎಂದೆ. "ಇವರು ಕೇಳಿದ್ರೂ ಇವರ ಮಾತು ಯಾರೂ ನಂಬಂಗಿಲ್ಲ ಅಂತ ಗೊತ್ತಿತ್ತು."

ಬಾಲಪ್ಪ ನನ್ನ ಕಡೆ ಬಂದ. ಹೊಡೆಯುತ್ತಾನೆಂದು ತಿಳಿದೆ. ಹೊಡೆದಿದ್ದರೆ ಸರಿಯಿತ್ತು. ಅವನು ನನ್ನನ್ನು ದಾಟಿ ಲಾಡ್ಲೇಸಾಬರೆದುರು ನಿಂತ. "ನಂಬಲಿಲ್ಲೋ ನಾನೂ," ಎಂದ. ನನ್ನ ಕಡೆ ಕೈ ತೋರಿಸಿದ. "ಇವರು ಅಂದುಕೊಂಡಂಗೇ ನಾನೂ ನಡಕೊಂಡೆ."

"ನೀ ನಂಬಬೇಕಾಗಿತ್ತು ಬಾಲಣ್ಣ," ಎಂದರು ಲಾಡ್ಲೇಸಾಬರು. "ಠಾಣೆದು ನನಗೇನೂ ಅನಸಲಿಲ್ಲ. ಅವತ್ತು ಕರದಾಗ ನೀ ತಿರುಗಲಿಲ್ಲಲ್ಲ, ಅದು ಹತ್ತಿತು."

ಪಾಟೀಲರು ನನ್ನ ಹಾಳೆಯ ಮೇಲೆ ಐವರು ಪಂಚರ ಸಹಿ, ಹೆಬ್ಬೆಟ್ಟು ಮಾಡಿಸಿದರು. ಒಂದು ಪ್ರತಿ ಠಾಣೆಗೆ, ಒಂದು ಮೇಲಿನ ಕಚೇರಿಗೆ. ಎರಡನ್ನೂ ತಾನೇ ಒಯ್ದು ಮುಟ್ಟಿಸುತ್ತೇನೆಂದು ಬಾಲಪ್ಪ ಯಾರನ್ನೂ ಕೇಳದೆ ಎತ್ತಿಕೊಂಡ.

ನಾನು ಬಸ್ಸಿಗೆ ಕಾಯದೆ ನಡೆದೇ ಬಂದೆ.

೧೯ ಮಾರ್ಚ್

ಲಾಡ್ಲೇಸಾಬರ ಹಾಜರಿ ಹೋದ ತಿಂಗಳೇ ನಿಂತಿತು. ಇಂದು ನನ್ನ ಆದೇಶ ಬಂತು. ಸೇವೆ ಸಮಾಪ್ತಿ. ಉರ್ದುವಿನಲ್ಲಿದೆ, ಎರಡೇ ಸಾಲು. ಸಾಹೇಬರಿಗೂ ವರ್ಗವಾಗಿದೆಯಂತೆ, ನನ್ನ ಜೊತೆ ಮಾತಾಡುವುದಿಲ್ಲ.

ಗೋಗಿಯಲ್ಲಿ ಸುಗ್ಗಿ ಮುಗಿದಿದೆ. ಲಾಡ್ಲೇಸಾಬರ ಒಂದು ಎಕರೆಯಲ್ಲಿ ದನಕ್ಕೆ ಹಾಕುವಂಥ ಜೊಳ್ಳು ಬಿಟ್ಟು ಏನೂ ಬರಲಿಲ್ಲ. ನಾನು ನಿಜ ಹೇಳಿದ ಮಾತ್ರಕ್ಕೆ ಕಾಳು ತುಂಬಿಕೊಳ್ಳಲಿಲ್ಲ.

೩ ಜೂನ್, ಯಾದಗಿರಿ

ಇಲ್ಲಿ ಶೇಂಗಾ ಅಡತಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಕಾಳು ಒಡೆದು ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ ಹೇಳಬೇಕು. ಸ್ಟೇಷನ್ನಿನ ಹಿಂದೆ ಒಂದು ಕೋಣೆ. ರೈಲು ಹೋದಾಗಲೆಲ್ಲ ಮಗು ಕೈ ಚಪ್ಪಾಳೆ ತಟ್ಟುತ್ತದೆ. ರೇಣಮ್ಮ ನೌಕರಿಯ ಮಾತು ಒಮ್ಮೆಯೂ ಎತ್ತಿಲ್ಲ.

ಯಾಕೋ ಬರೆಯಲು ಹೆಚ್ಚು ತೋಚುವುದಿಲ್ಲ.

೪ ನವೆಂಬರ್ ೧೯೫೬, ಭಾನುವಾರ

ಗುರುವಾರ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿ ಸ್ಟೇಷನ್ನಿನ ಮುಂದೆ ಬುಂದಿ ಹಂಚಿದರು.

ಬಾಲಪ್ಪ ಕಳೆದ ವಾರ ಶೇಂಗಾ ತಂದಾಗ ಒಂದು ಸುದ್ದಿ ಹೇಳಿದ್ದ. ಹೊಸ ಗೋಧಿ ಬೆಳೆದ ನಾಲ್ವರೂ ತಮ್ಮ ತಮ್ಮ ಬೀಜದಲ್ಲಿ ಪಾಲು ತೆಗೆದು ಲಾಡ್ಲೇಸಾಬರಿಗೆ ಒಂದು ಎಕರೆಗೆ ಆಗುವಷ್ಟು ಕೂಡಿಸಿದ್ದಾರೆ. ಭಾನುವಾರ ಬಿತ್ತನೆ. "ಬರ್ರಿ ಅಂತ ನಾ ಅನ್ನಂಗಿಲ್ಲ, ಬರಬ್ಯಾಡ್ರಿ ಅಂತನೂ ಅನ್ನಂಗಿಲ್ಲ," ಎಂದಿದ್ದ.

ಹೋದೆ. ಗೋಗಿಯ ಚಾವ‌ಡಿಗೆ ಗುರುವಾರ ಕಟ್ಟಿದ ಬಣ್ಣದ ಕಾಗದ ಇನ್ನೂ ತೂಗುತ್ತಿತ್ತು. ಹೊಲದಲ್ಲಿ ಬಾಲಪ್ಪ ತನ್ನ ಎತ್ತು ಕಟ್ಟಿ ಕೂರಿಗೆ ಹಿಡಿದಿದ್ದ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಚಾಂದಬೀ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದರು. ಲಾಡ್ಲೇಸಾಬರಿಗೆ ಈಗ ಮೊಣಕಾಲು ನೋವು. ಬದುವಿನ ಮೇಲೆ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮಗುವಿನ ಹೆಸರು ಕೇಳಿದರು, ಹಲ್ಲು ಬಂದವೇನು ಎಂದು ಕೇಳಿದರು. ನಾನು ಎದ್ದು ಹೋಗಿ ಬಾಲಪ್ಪನಿಂದ ಕೂರಿಗೆ ತೆಗೆದುಕೊಂಡೆ. ಅವನು ಕೊಟ್ಟ.

ಸಂಜೆಯವರೆಗೆ ಬಿತ್ತಿದೆವು. ನನ್ನ ಸಾಲು ಎರಡು ಕಡೆ ಸೊಟ್ಟಗಾಯಿತು. ಚಾಂದಬೀ ಇಡೀ ದಿನ ನನ್ನಿಂದ ಎರಡು ಮಾರು ದೂರದಲ್ಲಿ ನಡೆದರೂ ಒಂದು ಮಾತು ಆಡಲಿಲ್ಲ. ಮೊದಲು ಅದು ಚುಚ್ಚುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಅನಿಸಿತು, ಅವರು ಮಾತಾಡಲೆಂದೇ ನಾನು ಬಂದಿದ್ದರೆ ಅದೂ ನನ್ನ ಲಾಭಕ್ಕೇ. ಸುಮ್ಮನೆ ಎತ್ತಿನ ಹಿಂದೆ ನಡೆದೆ.

ಹೊರಡುವಾಗ ಅವರು ಉಡಿ ಕೊಡವುತ್ತಿದ್ದರು. ನನ್ನ ಮುಖ ನೋಡದೆಯೇ ಹೇಳಿದರು.

"ಜನವರಿ ತಿಂಗಳದಾಗ ಬರ್ರಿ. ಎಲಿ ನೋಡಾಕ."

"ಈ ತಳಿಗೆ ಬರಂಗಿಲ್ರಿ," ಎಂದೆ.

"ಬರ್ತದೋ ಇಲ್ಲೋ ನಮಗೇನ್ ಗೊತ್ತು? ಚುಕ್ಕಿ ಹೆಂಗ ಇರ್ತದಂತ ನಿಮಗ ಗೊತ್ತದ." ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದರು. "ಒಂದು ಕಂಡ್ರೂ ಹೇಳ್ರಿ."

ಹೇಳುತ್ತೇನೆ ಎಂದೆ.